ಹೊಸ ಗೌಲ್ಡಿಯನ್ ಜೋಡಿಯನ್ನು ತಂದ ದಿನವೇ ದೊಡ್ಡ ಪಂಜರಕ್ಕೆ ಬಿಡಬೇಡಿ

ಕಲಬುರಗಿಯಲ್ಲಿ ಫಿಂಚ್ (ಕಾಳು ತಿನ್ನುವ ಪುಟ್ಟ ಹಕ್ಕಿ) ಸಾಕುವವರೆಲ್ಲ ದಯವಿಟ್ಟು ಓದಿ. ಕಳೆದ ಚಳಿಗಾಲ ನನ್ನ 11 ಗೌಲ್ಡಿಯನ್ ಹಕ್ಕಿಗಳಲ್ಲಿ (ಆಸ್ಟ್ರೇಲಿಯಾ ಮೂಲದ ಬಣ್ಣಬಣ್ಣದ ಫಿಂಚ್) 7 ಸತ್ತವು. ತಪ್ಪು ನಾನು ಮಾಡಿದ್ದು ಒಂದೇ ಸಂಜೆ.

ಮಾಳಿಗೆ ಮೇಲೆ ನನ್ನದೊಂದು ದೊಡ್ಡ ಪಂಜರ ಇದೆ. ಎರಡು ಜೋಡಿ ಗೌಲ್ಡಿಯನ್, ಪಕ್ಕದ ಭಾಗದಲ್ಲಿ ಜೀಬ್ರಾ ಫಿಂಚ್. ನನಗೆ ಭಯ ಇದ್ದದ್ದು ಬೇಸಿಗೆಯದು. 40 ಡಿಗ್ರಿ ದಾಟುವ ನಮ್ಮ ಬಿಸಿಲಲ್ಲಿ ಗೋಣಿತಟ್ಟು ಕಟ್ಟಿ, ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸಿ ಒಂದನ್ನೂ ಕಳೆದುಕೊಂಡಿರಲಿಲ್ಲ. ಡಿಸೆಂಬರಿನಲ್ಲಿ ಒಂದು ಜೋಡಿ ಐದು ಮರಿ ಮಾಡಿತ್ತು. ಗೌಲ್ಡಿಯನ್ ಮರಿಯ ಬಾಯಂಚಿನಲ್ಲಿ ನೀಲಿ ಮಣಿಗಳಿರುತ್ತವೆ. ಕತ್ತಲ ಗೂಡಿನಲ್ಲಿ ಅಷ್ಟು ಸಣ್ಣ ಬೆಳಕಿಗೂ ಅವು ಹೊಳೆಯುತ್ತವೆ. ಒಮ್ಮೆ ನೋಡಿದರೆ ಮರೆಯಲು ಆಗಲ್ಲ.

ಆಗಲೇ ಊರಿನ ಮಾರಾಟಗಾರರೊಬ್ಬರಿಂದ ಕೆಂಪು ತಲೆಯ ಇನ್ನೊಂದು ಜೋಡಿ ತಂದೆ. "ಸೀದಾ ಆಸ್ಟ್ರೇಲಿಯಾದ್ ಮಾಲ್ ರೀ" ಎಂದು ಜಾಸ್ತಿ ದುಡ್ಡು ತೆಗೆದುಕೊಂಡರು. ಈ ಮಾತನ್ನೂ ನಂಬಬೇಡಿ. ಆಸ್ಟ್ರೇಲಿಯಾ ತನ್ನ ಹಕ್ಕಿಗಳನ್ನು ಮಾರಾಟಕ್ಕೆ ಹೊರಗೆ ಕಳಿಸುವುದನ್ನು 1960ರಲ್ಲೇ ನಿಲ್ಲಿಸಿದೆ. ನಮಗೆ ಸಿಗುವುದೆಲ್ಲ ಪಂಜರದಲ್ಲೇ ಹುಟ್ಟಿದ ಸಂತತಿ.

ಆ ಸಂಜೆಯೇ ಅವನ್ನು ಒಳಗೆ ಬಿಟ್ಟೆ. ರಾತ್ರಿ ಹೊಸ ಗಂಡು ಹಕ್ಕಿಯಿಂದ ಟಿಕ್ ಟಿಕ್ ಸದ್ದು ಬರುತ್ತಿತ್ತು, ಗಡಿಯಾರದ ಹಾಗೆ. ಮಾರಾಟಗಾರರಿಗೆ ಫೋನ್ ಮಾಡಿದೆ. "ಜಾಗ ಬದಲಾಗ್ಯದಲ್ರೀ, ಥಂಡಿ ಹಿಡದದ. ನೀರಾಗ ಪುಡಿ ಹಾಕ್ರಿ, ಏನೂ ಆಗಲ್ಲ" ಎಂದರು. ಆ್ಯಂಟಿಬಯೋಟಿಕ್ ಪುಡಿ ಹಾಕುತ್ತಾ ಎಂಟು ದಿನ ಕಳೆದೆ. ಅಷ್ಟರಲ್ಲಿ ಹಕ್ಕಿ ಬಾಯಿ ತೆರೆದು ಉಸಿರಾಡುತ್ತಿತ್ತು, ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಒಂಬತ್ತನೇ ಬೆಳಗ್ಗೆ ನೆಲದ ಮೇಲೆ ಬಿದ್ದಿತ್ತು. ವಾರಗಳು ಕಳೆದಂತೆ ಹಳೆಯ ಹಕ್ಕಿಗಳಿಂದಲೂ ಅದೇ ಸದ್ದು ಕೇಳತೊಡಗಿತು. ಐದು ಮರಿಗಳಲ್ಲಿ ಒಂದೂ ಬಣ್ಣ ತುಂಬುವವರೆಗೆ ಉಳಿಯಲಿಲ್ಲ.

ಸತ್ತ ಮರಿಯನ್ನು ಹಿಡಿದುಕೊಂಡು ಬೀದರಿಗೆ ಹೋದೆ. ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವ ಊರು, ಅಲ್ಲಿ ಹಕ್ಕಿ ನೋಡುವವರು ಸಿಕ್ಕಾರು ಎಂಬ ಆಸೆ. ವೈದ್ಯರೊಬ್ಬರು ಅದರ ಶ್ವಾಸನಾಳ ಬಿಡಿಸಿ ತೋರಿಸಿದರು. ಒಳಗೆ ಮೆಣಸಿನ ಪುಡಿಯಂಥ ಕಪ್ಪು ಚುಕ್ಕೆಗಳು. ಅವು ಜೀವಂತ ಹುಳು! ಏರ್ ಸ್ಯಾಕ್ ಮೈಟ್ ಎನ್ನುತ್ತಾರೆ. ಗೌಲ್ಡಿಯನ್‌ಗಳಿಗೆ ಇದರ ಕಾಟ ಜಾಸ್ತಿ. ಕೆಮ್ಮಿದಾಗ, ಕುಡಿಯುವ ನೀರಿನಿಂದ, ತಾಯಿ ಮರಿಗೆ ಗುಟುಕು ಕೊಡುವಾಗ ಹರಡುತ್ತದೆ. ನಾನು ಹಾಕಿದ ಪುಡಿ ಈ ಹುಳುವಿಗೆ ಏನೂ ಮಾಡಲ್ಲ. ಇದಕ್ಕೆ ಬೇಕಾದದ್ದು ಹುಳು ಕೊಲ್ಲುವ ಔಷಧಿ ಐವರ್‌ಮೆಕ್ಟಿನ್. ಕತ್ತಿನ ಹಿಂದೆ ಗರಿ ಸರಿಸಿ ಚರ್ಮದ ಮೇಲೆ ಹಾಕುತ್ತಾರೆ. ಎಷ್ಟು ಹಾಕಬೇಕು, ಮತ್ತೆ ಯಾವಾಗ ಹಾಕಬೇಕು ಎಂಬುದನ್ನು ವೈದ್ಯರೇ ಹೇಳಬೇಕು. ದನಕ್ಕೆ ಕೊಡುವ ಇದೇ ಔಷಧಿಯನ್ನು ಸುಮ್ನೆ ಅಂದಾಜಿನ ಮೇಲೆ ಹಾಕಿದರೆ ಇಷ್ಟು ಸಣ್ಣ ಹಕ್ಕಿ ಔಷಧಿಗೇ ಸಾಯುತ್ತದೆ.

ಮಾರಾಟಗಾರರನ್ನು ಕೇಳಿದಾಗ "ಬ್ಯಾನಿ ನಿಮ್ಮ ಮನ್ಯಾಗೇ ಇತ್ತು" ಎಂದು ಫೋನ್ ಇಟ್ಟರು.

ಕೊಳ್ಳುವ ಮುಂಚೆ ಅಂಗಡಿಯಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತು ಹಕ್ಕಿಯ ಉಸಿರು ಕೇಳಿ. ಮನೆಗೆ ತಂದ ಮೇಲೆ ಕನಿಷ್ಠ 30 ದಿನ ಬೇರೆ ಕೋಣೆಯಲ್ಲಿ, ಬೇರೆ ಬಟ್ಟಲುಗಳ ಜೊತೆ ಇಡಿ. ಅದೇ ಪಂಜರದ ಇನ್ನೊಂದು ಮೂಲೆ ಸಾಲದು. ಹಳೆಯ ಹಕ್ಕಿಗಳಿಗೆ ಮೊದಲು ಕಾಳು ಹಾಕಿ, ಹೊಸದರ ಹತ್ತಿರ ಕೊನೆಗೆ ಹೋಗಿ. ರಾತ್ರಿ ದೀಪ ಆರಿಸಿ ಕಿವಿಗೊಡಿ. ಹಗಲಿನ ಗಲಾಟೆಯಲ್ಲಿ ಆ ಸದ್ದು ಕೇಳಲ್ಲ. ಗೌಲ್ಡಿಯನ್ ಮರಿಗಳಿಗೆ ಸಾಕುತಾಯಿಯಾಗಲಿ ಎಂದು ಬೆಂಗಾಲಿ ಫಿಂಚ್ ತರುತ್ತೀರಾ? ಅವಕ್ಕೂ ಇದೇ ನಿಯಮ.

ನನ್ನಲ್ಲಿ ಈಗ ಉಳಿದಿರುವುದು ನಾಲ್ಕು ಗೌಲ್ಡಿಯನ್. ಚಿಕಿತ್ಸೆ ಮುಗಿದಿದೆ, ಸದ್ದು ನಿಂತಿದೆ. ಆದರೂ ದಿನಾ ರಾತ್ರಿ ಮಲಗುವ ಮುಂಚೆ ಮಾಳಿಗೆ ಹತ್ತಿ, ಕತ್ತಲಲ್ಲಿ ಸ್ವಲ್ಪ ಹೊತ್ತು ನಿಂತು ಕೇಳಿ ಬರುತ್ತೇನೆ.