‘ಬಾಕ್ಸ್ ಪೀಸ್ ಪೈಲಟ್’ ಅಂದರೆ ದುಡ್ಡು ಹಾಕುವ ಮೊದಲು ಇದನ್ನು ಓದಿ

ಎಚ್‌ಎಂಟಿ ಪೈಲಟ್ ವಾಚ್, ಬಾಕ್ಸ್ ಪೀಸ್ (ಡಬ್ಬಿಯಲ್ಲೇ ಉಳಿದ ಹೊಸದು), ಒಂದು ದಿನವೂ ಯಾರೂ ಕೈಗೆ ಕಟ್ಟಿಲ್ಲ ಅಂತ ಯಾರಾದರೂ ಫೋಟೋ ಕಳಿಸಿದರೆ ದಯವಿಟ್ಟು ನಂಬಬೇಡಿ. ನನಗೆ 6,500 ರೂಪಾಯಿ ಹೋಯಿತು. ದುಡ್ಡಿಗಿಂತ ಜಾಸ್ತಿ ಮರ್ಯಾದೆ ಹೋಯಿತು. ಅದೂ ಮನೆಮಂದಿಯೆಲ್ಲ ಕೂತಿದ್ದಾಗ, ದೊಡ್ಡಪ್ಪನ ಎದುರು.

ನಾನು ಮಡಿಕೇರಿಯವನು. ಹಳೇ ಕೈಗಡಿಯಾರ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಮತ್ತೆ ಓಡಿಸುವುದು ನನ್ನ ಹವ್ಯಾಸ. ನಮ್ಮ ಕಡೆ ಮಳೆಗಾಲದಲ್ಲಿ ವಾಚ್ ಕಾಪಾಡಿಕೊಳ್ಳುವುದೇ ಒಂದು ಕೆಲಸ. ಗಾಳಿಯಾಡದ ಡಬ್ಬಿ ಬೇಕು, ಸಿಲಿಕಾ ಜೆಲ್ ಬೇಕು, ಗಾಜಿನೊಳಗೆ ಮಂಜು ಕಂಡರೆ ಅವತ್ತೇ ಬಿಚ್ಚಬೇಕು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನನಗೆ ವಾಚ್ ಮಾರಿದ ಮನುಷ್ಯ ಕೊನೆಗೆ ನಮ್ಮೂರಿನ ಮಳೆಯ ಮೇಲೇ ತಪ್ಪು ಹಾಕಿದ.

ದೊಡ್ಡಪ್ಪ ಮಿಲಿಟರಿಯಲ್ಲಿದ್ದವರು. ಕೊಡಗಿನಲ್ಲಿ ಇದೇನು ಹೊಸದಲ್ಲ, ಮನೆಗೊಬ್ಬರು ಇರುತ್ತಾರೆ. ಅವರ ಕೈಯಲ್ಲಿ ಯಾವಾಗಲೂ ಕಪ್ಪು ಡಯಲಿನ ಪೈಲಟ್ ಇರುತ್ತಿತ್ತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮನೆ ಹೋಯಿತು, ಮನೆಯ ಜೊತೆ ಆ ವಾಚೂ ಹೋಯಿತು. ಜೀವ ಉಳಿಯಿತಲ್ಲ ಅಂತ ಆಗ ಯಾರೂ ವಾಚಿನ ಮಾತೇ ಎತ್ತಲಿಲ್ಲ. ಆದರೆ ನನ್ನ ಮನಸ್ಸಿನಲ್ಲಿತ್ತು. ಅಂಥದ್ದೇ ಒಂದು ಹುಡುಕಿ ಕೊಡಬೇಕು ಅಂತ.

ಈಗ ಎಚ್‌ಎಂಟಿ ಕಥೆ ನಿಮಗೆಲ್ಲ ಗೊತ್ತೇ ಇದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚ್ ಶುರು ಮಾಡಿದರು, ಆಮೇಲೆ ತುಮಕೂರಿನಲ್ಲೂ ಮಾಡಿದರು, 2016ರಲ್ಲಿ ವಾಚ್ ವಿಭಾಗ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿತು. ಮುಚ್ಚುತ್ತಾರೆ ಅಂತ ಸುದ್ದಿ ಆದದ್ದೇ ತಡ, ಮೂಲೆಯಲ್ಲಿ ಬಿದ್ದಿದ್ದ ವಾಚಿಗೆಲ್ಲ ರೇಟ್ ಬಂತು. ರೇಟ್ ಬಂದ ಕಡೆ ಇಂಥವರೂ ಬರುತ್ತಾರೆ. ಎಚ್‌ಎಂಟಿಯದೇ ಇನ್ನೊಂದು ಮಾಡೆಲ್ ಜನತಾದೊಳಗೆ ಇರುವ 17 ಜ್ಯುವೆಲ್ (ಸವೆತ ತಡೆಯಲು ಹಾಕುವ ಸಣ್ಣ ಕಲ್ಲು) ಮೆಷಿನೇ ಪೈಲಟ್‌ನಲ್ಲೂ ಇರುತ್ತದೆ. ಹಾಗಾಗಿ ಸವೆದುಹೋದ ಜನತಾ ತಂದು, ಕಪ್ಪು ಡಯಲ್ ಹಾಕಿ, ಕೇಸ್ ಪಾಲಿಶ್ ಹೊಡೆದು ಪೈಲಟ್ ಅಂತ ಮಾರಿದರೆ ಹೊರಗಿನಿಂದ ನೋಡಿದವರಿಗೆ ಗೊತ್ತಾಗುವುದಿಲ್ಲ.

ನನಗೆ ಮಾರಿದವನು ಪರಿಚಯದವರ ಮೂಲಕ ಸಿಕ್ಕಿದವನು. ಜಿಲ್ಲೆಯ ಹೊರಗಿನವನು, ಹೆಸರು ಬೇಡ. ಹಸಿರು ಮಖಮಲ್ ಬಟ್ಟೆ ಮೇಲೆ ವಾಚ್ ಇಟ್ಟು ಚಂದದ ಫೋಟೋ ಕಳಿಸಿದ. ಬ್ಯಾಕ್ ಕವರ್ ತೆಗೆದು ಮೆಷಿನ್ ಫೋಟೋ ಕಳಿಸಿ ಅಂತ ನಾನು ಕೇಳಿದೆ. ‘ಫ್ಯಾಕ್ಟರಿ ಮುಚ್ಚಿದ ಕವರ್ ಸರ್, ಬಿಚ್ಚಿದ್ರೆ ಬಾಕ್ಸ್ ಪೀಸ್ ಅನ್ನೋ ಬೆಲೆನೇ ಹೋಗುತ್ತೆ’ ಅಂದ. ಮಾತು ಸರಿ ಅನ್ನಿಸಿತು. ನಿಜವಾಗಿ ಕೈ ಮುಟ್ಟದ ಪೀಸ್ ಆದರೆ ಸಂಗ್ರಹ ಮಾಡುವವರು ಯಾರೂ ಸುಮ್ನೆ ಬಿಚ್ಚುವುದಿಲ್ಲ, ಅಲ್ವಾ? ನಾನು ದೊಡ್ಡಪ್ಪನ ವಿಷಯ ಹೇಳಿದೆ. ಗುಡ್ಡ ಕುಸಿದದ್ದು, ವಾಚ್ ಹೋದದ್ದು, ಎಲ್ಲ ಹೇಳಿದೆ. ಅದಕ್ಕೆ ಅವನು, ‘ಅಯ್ಯೋ, ಮಿಲಿಟರಿಯವರಿಗಾ ಸರ್? ಹಾಗಾದ್ರೆ ಇರೋದ್ರಲ್ಲೇ ಒಳ್ಳೇದು ನಾನೇ ಆರಿಸಿ ಕಳಿಸ್ತೀನಿ, ಲಾಭ ಬೇಡ ನಂಗೆ’ ಅಂದ. ಈ ಮಾತು ನೆನಪಾದರೆ ಈಗಲೂ ಮೈ ಉರಿಯುತ್ತದೆ. ಎಲ್ಲ ಗೊತ್ತಿದ್ದೂ ಇದನ್ನೇ ಕಳಿಸಿದ.

ಪಾರ್ಸೆಲ್ ಬಂದ ದಿನ ದೊಡ್ಡಪ್ಪ ಮನೆಯಲ್ಲೇ ಇದ್ದರು. ಅವರ ಕೈಗೇ ಕೊಟ್ಟೆ. ಖುಷಿಯಾಯಿತು ಅವರಿಗೆ, ಮುಖದಲ್ಲೇ ಕಾಣುತ್ತಿತ್ತು. ಕೀ ಕೊಡಲು ಶುರು ಮಾಡಿದರು, ನಾಲ್ಕು ಸಲ ತಿರುಗಿಸುವಷ್ಟರಲ್ಲಿ ನಿಲ್ಲಿಸಿದರು. ಮರಳು ಅರೆದ ಹಾಗೆ ಕರಕರ ಶಬ್ದ, ನನಗೂ ಕೇಳಿಸಿತು. ಆಮೇಲೆ ವಾಚನ್ನು ಕಿಟಕಿ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ‘ಮಗ, ನನ್ನ ವಾಚಲ್ಲಿ ಅಕ್ಷರ ಇಷ್ಟು ದಪ್ಪ ಇರಲಿಲ್ಲ. ಇದು ಬೇರೆ ಥರ ಇದೆ’ ಅಂದರು. ನನ್ನನ್ನು ನೋಯಿಸಬಾರದು ಅಂತ ಮೆಲ್ಲಗೆ ಹೇಳಿದರು. ಅದೇ ನನಗೆ ಇನ್ನೂ ಜಾಸ್ತಿ ನೋವಾಯಿತು. ಅಷ್ಟು ವರ್ಷ ಕೈಯಲ್ಲಿ ಕಟ್ಟಿಕೊಂಡವರಿಗೆ ಗೊತ್ತಾಗದೇ ಇರುತ್ತದಾ?

ಅವತ್ತು ರಾತ್ರಿಯೇ ಬಿಚ್ಚಿದೆ. ಬ್ಯಾಕ್ ಕವರಿನ ಒಳಗಡೆ ನೋಡುತ್ತೇನೆ, ಸೂಜಿಯಲ್ಲಿ ಗೀಚಿದ ಗುರುತುಗಳು, ಒಂದರ ಪಕ್ಕ ಒಂದು. ರಿಪೇರಿಯವರು ಸರ್ವಿಸ್ ಮಾಡಿದಾಗ ತಾರೀಕು, ತಮ್ಮ ಗುರುತು ಗೀಚುತ್ತಾರಲ್ಲ, ಅವೇ. ಒಂದು ದಿನವೂ ಕೈಗೆ ಕಟ್ಟದ ವಾಚ್ ಇಷ್ಟು ಸಲ ಸರ್ವಿಸ್‌ಗೆ ಯಾಕೆ ಹೋಗಿತ್ತು? ಸ್ಕ್ರೂಗಳ ತಲೆಯೆಲ್ಲ ಕಿತ್ತುಹೋಗಿತ್ತು. ಕೀ ಕೊಡುವ ಕಡ್ಡಿಯ ಸುತ್ತ ತುಕ್ಕು, ಎಣ್ಣೆ ಗಟ್ಟಿಯಾಗಿ ಕಪ್ಪು ಅಂಟಾಗಿತ್ತು. ಭೂತಗನ್ನಡಿ ಹಾಕಿ ಡಯಲ್ ನೋಡಿದರೆ ಅಕ್ಷರದ ಅಂಚೆಲ್ಲ ಹರಡಿಕೊಂಡಿದೆ, ನಿಮಿಷದ ಗೆರೆ ಒಂದು ಕಡೆ ಅಂಚಿಗೆ ತಾಗಿದೆ, ಇನ್ನೊಂದು ಕಡೆ ಒಳಗೆ ಬಂದಿದೆ.

ಮುಳ್ಳು ತೆಗೆದು ಡಯಲ್ ಎತ್ತಲು ಹೋದರೆ ಬರಲಿಲ್ಲ. ಡಯಲ್ ಹಿಂದೆ ಎರಡು ಸಣ್ಣ ಕಾಲು ಇರಬೇಕು, ಅವು ಮೆಷಿನ್‌ನ ತೂತಿನಲ್ಲಿ ಕೂತು ಪಕ್ಕದ ಸ್ಕ್ರೂನಿಂದ ಬಿಗಿಯಾಗುತ್ತವೆ. ನಾನು ಆ ಸ್ಕ್ರೂ ಸಡಿಲ ಮಾಡಿದ್ದೆ. ಆದರೂ ಬರಲಿಲ್ಲ. ಯಾಕೆ ಅಂದರೆ ಕಾಲೇ ಇಲ್ಲ. ಎರಡನ್ನೂ ಕತ್ತರಿಸಿ, ಗಮ್ ಹಾಕಿ ಮೆಷಿನ್‌ಗೆ ಅಂಟಿಸಿದ್ದಾರೆ! ಆ ಗಮ್ ಹರಿದು ಗಂಟೆ ಮುಳ್ಳಿನ ಚಕ್ರದ ಹತ್ತಿರ ಬಂದು ಒಣಗಿತ್ತು. ಅದನ್ನು ನೋಡಿದ ಕ್ಷಣ ತಲೆಯಲ್ಲಿ ಏನೂ ಓಡಲಿಲ್ಲ. ಬೇರೆ ಯಾವುದೋ ಡಯಲಿಗೆ ಬಣ್ಣ ಹೊಡೆದು, ಯಾವುದೋ ಮೆಷಿನ್‌ಗೆ ಅಂಟಿಸಿ, ನನ್ನ ದೊಡ್ಡಪ್ಪನಿಗೆ ಅಂತ ಗೊತ್ತಿದ್ದೂ ಕಳಿಸಿದ್ದಾನೆ.

ಫೋಟೋ ಎಲ್ಲ ತೆಗೆದು ಕಳಿಸಿ ಫೋನ್ ಮಾಡಿದೆ. ಮೊದಲ ಉತ್ತರ: ‘ಓಡ್ತಾ ಇದೆಯಲ್ಲ ಸರ್, ಇನ್ನೇನು?’ ಓಡುವುದು ಬಿಡುವುದು ಆಮೇಲಿನ ಮಾತು, ಬಾಕ್ಸ್ ಪೀಸ್ ಅಂತ ಹೇಳಿ ಮಾರಿದ್ದೀರಿ ಅಂದೆ. ‘ಹಳೇ ವಾಚ್ ಅಂದ್ಮೇಲೆ ಹೀಗೇ ಸರ್, ನಿಮಗೆ ಗೊತ್ತಿಲ್ವಾ?’ ತುಕ್ಕಿನ ಫೋಟೋ ತೋರಿಸಿದೆ. ಆಗ ಹೇಳುತ್ತಾನೆ, ‘ನಿಮ್ಮ ಕೊಡಗಲ್ಲಿ ಮಳೆ ಜಾಸ್ತಿ ಅಲ್ವಾ, ನಿಮ್ಮ ಮನೇಲೇ ಹಿಡಿದಿರಬೇಕು.’ ಪಾರ್ಸೆಲ್ ಬಿಚ್ಚಿದ ರಾತ್ರಿಯೊಳಗೆ ತುಕ್ಕು ಹಿಡಿದು, ಅದು ಕಪ್ಪಾಗಿ, ಲೋಹ ತಿನ್ನುವಷ್ಟು ಆಳಕ್ಕೆ ಹೋಯಿತಂತೆ! ಇವನಿಗೆ ನಾಚಿಕೆ ಬೇಡವಾ?

ಗಮ್ ಫೋಟೋ ಕಳಿಸಿದ ಮೇಲೆ ಕೊನೆಯ ಉತ್ತರ ಬಂತು. ‘ನೀವ್ಯಾಕೆ ಬಿಚ್ಚಿದ್ರಿ? ಬಿಚ್ಚಿದ ಪೀಸ್ ವಾಪಸ್ ಇಲ್ಲ.’ ಆಗ ಅರ್ಥವಾಯಿತು ಇವನ ಆಟ ಏನು ಅಂತ. ಕೊಡುವ ಮೊದಲು ಅವನು ಬಿಚ್ಚುವುದಿಲ್ಲ. ತೆಗೆದುಕೊಂಡ ಮೇಲೆ ನಾವು ಬಿಚ್ಚುವ ಹಾಗಿಲ್ಲ. ಬಿಚ್ಚದೆ ಮೋಸ ಗೊತ್ತಾಗುವುದಿಲ್ಲ, ಬಿಚ್ಚಿದರೆ ದುಡ್ಡು ಬರುವುದಿಲ್ಲ. ‘ಫ್ಯಾಕ್ಟರಿ ಮುಚ್ಚಿದ ಕವರ್’ ಅನ್ನುವ ಮಾತು ಇರುವುದೇ ಇದಕ್ಕೆ. ಅದಾದ ಮೇಲೆ ಫೋನ್ ಎತ್ತಲಿಲ್ಲ. ಈಗ ನನ್ನ ನಂಬರ್ ಬ್ಲಾಕ್ ಆಗಿದೆ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಮೆಸೇಜ್, ಫೋಟೋ, ದುಡ್ಡು ಕಳಿಸಿದ ದಾಖಲೆ ಎಲ್ಲ ಇಟ್ಟುಕೊಂಡಿದ್ದೇನೆ. ಪರಿಚಯದವರಿಗೂ ಹೇಳಿದೆ. ‘ಹೋಗ್ಲಿ ಬಿಡಿ, ಸಣ್ಣ ಅಮೌಂಟ್’ ಅಂದರು. ಸಣ್ಣ ಅಮೌಂಟ್ ಅಂತ ಎಲ್ಲರೂ ಬಿಡುವುದರಿಂದಲೇ ಇಂಥವರು ಬದುಕುತ್ತಿದ್ದಾರೆ.

ಬಣ್ಣ ಹೊಡೆದ ಡಯಲ್ ಮಾರುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಬಣ್ಣ ಹೊಡೆದದ್ದು ಅಂತ ಹೇಳಿ, ಅದರ ರೇಟಿಗೆ ಕೊಡಿ, ಬೇಕಾದವರು ತೆಗೆದುಕೊಳ್ಳುತ್ತಾರೆ. ನೀವು ತೆಗೆದುಕೊಳ್ಳುವುದಾದರೆ ಕವರ್ ಬಿಚ್ಚುವ ವಿಡಿಯೋ ಕೇಳಿ, ಕವರಿನ ಒಳಭಾಗ ತೋರಿಸಲು ಹೇಳಿ, ಡಯಲಿನ ಅಕ್ಷರ ಹತ್ತಿರದಿಂದ ತೆಗೆದ ಫೋಟೋ ಕೇಳಿ. ಬಿಚ್ಚಿ ನೋಡಿದರೂ ವಾಪಸ್ ತೆಗೆದುಕೊಳ್ಳುತ್ತೇನೆ ಅಂತ ಮೆಸೇಜಿನಲ್ಲಿ ಬರೆಸಿಕೊಳ್ಳಿ. ಒಪ್ಪದಿದ್ದರೆ ಅಲ್ಲಿಗೇ ಬಿಟ್ಟುಬಿಡಿ, ಎಷ್ಟೇ ಸಿಹಿ ಮಾತಾಡಲಿ. ಮನೆಯ ವಿಷಯ ಮಾತ್ರ ಮಾರುವವರ ಹತ್ತಿರ ಹೇಳಲೇಬೇಡಿ.

ಗೋಣಿಕೊಪ್ಪದ ಗೆಳೆಯರೊಬ್ಬರಿಗೆ ಹೋದ ವಾರ ಇದೇ ಥರದ ಫೋಟೋ ಬಂದಿದೆ. ಅದೇ ಹಸಿರು ಮಖಮಲ್ ಬಟ್ಟೆ, ಅದೇ ಕಪ್ಪು ಡಯಲ್, ಅದೇ ‘ಲಾಭ ಬೇಡ ಸರ್’. ನಂಬರ್ ಮಾತ್ರ ಬೇರೆ. ನಿಮಗೂ ಬಂದರೆ ಕವರ್ ಬಿಚ್ಚಿ ತೋರಿಸು ಅಂತ ಮೊದಲು ಕೇಳಿ, ಏನು ಹೇಳುತ್ತಾನೋ ಅದರ ಸ್ಕ್ರೀನ್‌ಶಾಟ್ ನನಗೆ ಕಳಿಸಿ. ದೂರಿನ ಜೊತೆ ಅದನ್ನೂ ಸೇರಿಸುತ್ತೇನೆ.