ಗಲಾಪಗೋಸ್‌ಗೆ ಹೊರಟಿದ್ದೀರಾ? ವಿಮಾನದ ದಿನ ದೋಣಿಯನ್ನು ನಂಬಬೇಡಿ

ಜೂನ್‌ನಿಂದ ನವೆಂಬರ್ ಒಳಗೆ ಎಕ್ವಡಾರ್ ದೇಶದ ಗಲಾಪಗೋಸ್ ದ್ವೀಪಗಳಿಗೆ ಟೂರ್ ಕಂಪನಿ ಇಲ್ಲದೆ, ಕಡಿಮೆ ಖರ್ಚಲ್ಲಿ ಹೋಗಬೇಕು ಅಂತ ಟಿಕೆಟ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ, ಆಮೇಲೆ ಬುಕ್ ಮಾಡಿ. ನಾನೂ ನನ್ನ ತಂಗಿಯೂ ಆಗಸ್ಟ್‌ನಲ್ಲಿ ಹೋಗಿದ್ದೆವು. ನಾಲ್ಕು ವರ್ಷ ಕೂಡಿಟ್ಟ ಹಣ. ಅದರಲ್ಲಿ ದೊಡ್ಡ ಪಾಲು ಒಂದೇ ಬೆಳಿಗ್ಗೆ ಹೋಯಿತು.

ಬಸವನಗುಡಿ ಕಡೆಯ ಒಂದು ಸಣ್ಣ ಟ್ರಾವೆಲ್ ಏಜೆನ್ಸಿಯಲ್ಲಿ ಟಿಕೆಟ್ ಮಾಡಿಸಿದ್ದೆವು. ದ್ವೀಪಗಳ ಓಡಾಟ ಹೇಗೆ ಅಂತ ಕೇಳಿದೆ. "ಮೇಡಂ, ಮೆಜೆಸ್ಟಿಕ್‌ನಿಂದ ಮೈಸೂರಿಗೆ ಬಸ್ ಇದ್ದ ಹಾಗೆ. ಬೆಳಿಗ್ಗೆ ಒಂದು ದೋಣಿ, ಮಧ್ಯಾಹ್ನ ಒಂದು. ಏನೂ ಯೋಚನೆ ಬೇಡ" ಅಂದರು. ನಾನು ನಂಬಿದೆ. ಇಸಾಬೆಲಾ ದ್ವೀಪದಲ್ಲಿ ರೂಮ್ ಅಗ್ಗ ಅಂತ ಕೊನೆಯ ಮೂರು ರಾತ್ರಿ ಅಲ್ಲೇ ಹಾಕಿಕೊಟ್ಟರು. ಹೊರಡುವ ದಿನ ಬೆಳಗಿನ ದೋಣಿ ಹಿಡಿದು ಸಾಂತಾ ಕ್ರೂಜ್ ದ್ವೀಪಕ್ಕೆ ಬರಬೇಕು, ಅಲ್ಲಿಂದ ಇನ್ನೊಂದು ಪುಟ್ಟ ದ್ವೀಪ ಬಾಲ್ಟ್ರಾದ ವಿಮಾನ ನಿಲ್ದಾಣ, ಮಧ್ಯಾಹ್ನದ ವಿಮಾನಕ್ಕೆ ಎಕ್ವಡಾರ್ ಮುಖ್ಯ ಭೂಮಿಯ ಗುವಾಯಾಕಿಲ್ ನಗರ, ರಾತ್ರಿ ಅಲ್ಲಿಂದ ಯುರೋಪ್, ಆಮೇಲೆ ಬೆಂಗಳೂರು. ಕಾಗದದ ಮೇಲೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು.

ಹೊರಡುವ ದಿನ ಬೆಳಿಗ್ಗೆ ಐದೂವರೆಗೆ ಇಸಾಬೆಲಾದ ಪುಯೆರ್ಟೊ ವಿಲಾಮಿಲ್ ಜೆಟ್ಟಿಗೆ ಬಂದೆವು. ಇನ್ನೂ ಕತ್ತಲು. ಬೆಂಚಿನ ಮೇಲೆ ಕಡಲ ಸಿಂಹವೊಂದು ಮಲಗಿತ್ತು. ಜನ ಗುಂಪಾಗಿ ನಿಂತಿದ್ದರು, ಯಾರೂ ದೋಣಿ ಹತ್ತುತ್ತಿರಲಿಲ್ಲ. ಕಡಲು ಜೋರಾಗಿದೆ, ಬಂದರಿನ ಅಧಿಕಾರಿಗಳು ದೋಣಿ ಬಿಡಲು ಒಪ್ಪಿಲ್ಲ ಅಂತ ಯಾರೋ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಹೇಳಿದರು. ಮಧ್ಯಾಹ್ನದ ದೋಣಿಯೂ ಇಲ್ಲ. ತಂಗಿ ನನ್ನ ಕೈ ಹಿಡಿದುಕೊಂಡು, "ಅಕ್ಕಾ, ಈಗೇನು ಮಾಡೋದು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ದ್ವೀಪಗಳ ನಡುವೆ ಓಡುವ ಪುಟ್ಟ ವಿಮಾನಗಳಿವೆ, ಬೆರಳೆಣಿಕೆಯ ಸೀಟು. ಅವತ್ತು ಒಂದೂ ಖಾಲಿ ಇರಲಿಲ್ಲ.

ಆ ತಿಂಗಳುಗಳಲ್ಲಿ ಆಗ್ನೇಯದಿಂದ ಬೀಸುವ ಗಾಳಿಗೆ ಬಲ ಜಾಸ್ತಿ. ದಕ್ಷಿಣದಿಂದ ಹಂಬೋಲ್ಟ್ ಅನ್ನುವ ತಣ್ಣನೆಯ ಕಡಲ ಪ್ರವಾಹ ಬರುತ್ತದೆ. ಅಲೆ ಎತ್ತರವಾಗುತ್ತದೆ. ಲಾಂಚಾ ಅಂತ ಅಲ್ಲಿಯವರು ಕರೆಯುವ ದೋಣಿಗಳು ಸಣ್ಣವು, ಹಿಂದೆ ಎರಡೋ ಮೂರೋ ಮೋಟಾರು ಕಟ್ಟಿರುತ್ತಾರೆ. ಒಳ್ಳೆಯ ದಿನದಲ್ಲೇ ಎರಡು ಗಂಟೆ ಮೈ ಎತ್ತಿ ಕುಕ್ಕುತ್ತದೆ. ಹೋಗುವಾಗ ನನ್ನ ತಂಗಿ ದಾರಿಯುದ್ದಕ್ಕೂ ವಾಂತಿ ಮಾಡಿದ್ದಳು. ಅಂಥ ಕಡಲಲ್ಲಿ ದೋಣಿ ನಿಲ್ಲಿಸಿದ್ದು ಸರಿಯೇ. ಆ ಅಧಿಕಾರಿಗಳ ಮೇಲೆ ನನಗೆ ಒಂದಿಷ್ಟೂ ಕೋಪ ಇಲ್ಲ.

ಕೋಪ ಇರುವುದು ಟಿಕೆಟ್ ಮಾಡಿದ ರೀತಿಯ ಮೇಲೆ. ಬೆಲೆ ಕಡಿಮೆ ತೋರಿಸಲು ಅವರು ಬಾಲ್ಟ್ರಾ-ಗುವಾಯಾಕಿಲ್ ಟಿಕೆಟನ್ನು ಬೇರೆ, ಗುವಾಯಾಕಿಲ್-ಬೆಂಗಳೂರು ಟಿಕೆಟನ್ನು ಬೇರೆ ಮಾಡಿದ್ದರು. ಎರಡು ಪಿಎನ್‌ಆರ್. ಮೊದಲನೆಯದು ತಪ್ಪಿದರೆ ಎರಡನೆಯ ಕಂಪನಿಗೆ ಸಂಬಂಧವೇ ಇಲ್ಲ. ನಾವು ಬರಲಿಲ್ಲ ಅಂತ ಬರೆದುಕೊಂಡು ವಿಮಾನ ಹಾರಿತು. ನಮ್ಮ ಇನ್ಶೂರೆನ್ಸ್ ಕೂಡ ಒಂದೇ ಟಿಕೆಟ್‌ನಲ್ಲಿ ಕನೆಕ್ಷನ್ ತಪ್ಪಿದರೆ ಮಾತ್ರ ಕೊಡುತ್ತಿತ್ತು. ಏಜೆನ್ಸಿಗೆ ಫೋನ್ ಮಾಡಿದರೆ, "ಹವಾಮಾನಕ್ಕೆ ನಾವೇನು ಮಾಡೋಕಾಗುತ್ತೆ ಮೇಡಂ?" ಅಂದರು. ಮರುದಿನ ದೋಣಿ ಬಿಟ್ಟಿತು. ಹೊಸ ಟಿಕೆಟ್, ಎರಡು ರಾತ್ರಿಯ ರೂಮ್, ಎಲ್ಲ ಸೇರಿ ಇಬ್ಬರಿಗೆ ಎರಡು ಲಕ್ಷದ ಹತ್ತಿರ ಬಂತು. ಅಪ್ಪ ಎಫ್‌ಡಿ ಮುರಿದು ಕಳಿಸಿದರು.

ಆದ್ದರಿಂದ ಕೇಳಿಕೊಳ್ಳುತ್ತೇನೆ, ಇಸಾಬೆಲಾ ಮೊದಲು ನೋಡಿ ಮುಗಿಸಿ. ಕೊನೆಯ ಎರಡು ರಾತ್ರಿ ಸಾಂತಾ ಕ್ರೂಜ್‌ನಲ್ಲೇ ಇರಿ. ಇಲ್ಲವೇ ವಾಪಸ್ ವಿಮಾನ ಸಾನ್ ಕ್ರಿಸ್ಟೋಬಲ್ ದ್ವೀಪದಿಂದ ಇದ್ದರೆ ಅಲ್ಲಿರಿ. ಸಾಂತಾ ಕ್ರೂಜ್‌ನಲ್ಲಿದ್ದರೂ ಬಾಲ್ಟ್ರಾ ಪಕ್ಕದಲ್ಲೇನಿಲ್ಲ. ಪುಯೆರ್ಟೊ ಅಯೋರಾ ಊರಿಂದ ದ್ವೀಪದ ಆ ತುದಿಗೆ ಸುಮಾರು 40 ಕಿಲೋಮೀಟರ್. ಅಲ್ಲಿ ಎರಡು ದ್ವೀಪಗಳ ನಡುವಿನ ಇಟಬಾಕಾ ಕಾಲುವೆಯನ್ನು ದೋಣಿಯಲ್ಲಿ ದಾಟಬೇಕು, ಆಮೇಲೆ ಮತ್ತೊಂದು ಬಸ್. ಗುವಾಯಾಕಿಲ್ ಅಥವಾ ರಾಜಧಾನಿ ಕೀಟೊದಲ್ಲೂ ಒಂದು ರಾತ್ರಿ ಉಳಿದು ಆಮೇಲೆ ದೂರದ ವಿಮಾನ ಹತ್ತಿ. ಆ ರಾತ್ರಿಗಳ ರೂಮ್ ಬಾಡಿಗೆ ದಂಡ ಅನ್ನಿಸಬಹುದು. ನಾವು ತೆತ್ತದ್ದರ ಮುಂದೆ ಅದು ಏನೂ ಅಲ್ಲ.

ಹಣದ ಲೆಕ್ಕದಲ್ಲೂ ನಾವು ಎಡವಿದೆವು. ಹಳೆಯ ಮಾಹಿತಿ ನೋಡಿ ರಾಷ್ಟ್ರೀಯ ಉದ್ಯಾನದ ಶುಲ್ಕ ತಲೆಗೆ 100 ಡಾಲರ್ ಅಂತ ಬರೆದುಕೊಂಡಿದ್ದೆ. 2024ರ ಆಗಸ್ಟ್ 1ರಿಂದ ಅದು ವಿದೇಶಿ ವಯಸ್ಕರಿಗೆ 200 ಡಾಲರ್. ಇಳಿದ ಕೂಡಲೇ ನಗದಾಗಿ ಕೊಡಬೇಕಾಯಿತು. ಅದಕ್ಕೂ ಮೊದಲು, ಮುಖ್ಯ ಭೂಮಿಯ ವಿಮಾನ ನಿಲ್ದಾಣದಲ್ಲೇ, ಪ್ರಯಾಣಿಕರ ನಿಯಂತ್ರಣ ಕಾರ್ಡಿಗೆ 20 ಡಾಲರ್. ಇಸಾಬೆಲಾದಲ್ಲಿ ಇಳಿದರೆ ಮತ್ತೆ 10 ಡಾಲರ್. ದಡಕ್ಕೂ ದೋಣಿಗೂ ಓಡಾಡುವ ನೀರು ಟ್ಯಾಕ್ಸಿಗೆ ಪ್ರತಿಸಲ ಒಂದು ಡಾಲರ್. ಎಕ್ವಡಾರ್‌ನಲ್ಲಿ ಅಮೆರಿಕದ ಡಾಲರೇ ನಡೆಯುವುದು, ಹಾಗಾಗಿ ಬೆಂಗಳೂರಿನಲ್ಲೇ ಸಣ್ಣ ನೋಟುಗಳನ್ನು ಕೇಳಿ ತೆಗೆದುಕೊಳ್ಳಿ.

ಇಷ್ಟೆಲ್ಲ ಓದಿ ಹೋಗುವುದನ್ನೇ ಬಿಡಬೇಡಿ. ಸಾಂತಾ ಕ್ರೂಜ್‌ನ ಟೋರ್ಟುಗಾ ಬೇ ಮರಳಿನಲ್ಲಿ ದೊಡ್ಡ ಹಲ್ಲಿಯಂಥ ಕಪ್ಪು ಕಡಲ ಇಗ್ವಾನಾಗಳು ನಮ್ಮ ಪಾದದ ಹತ್ತಿರವೇ ಬಿಸಿಲು ಕಾಯುತ್ತಿದ್ದವು. ಅಲ್ಲಿಗೆ ಗೈಡ್ ಬೇಡ. 2018ರಲ್ಲಿ ಉಕ್ಕಿದ, ಇಸಾಬೆಲಾದ ಸಿಯೆರ್ರಾ ನೇಗ್ರಾ ಜ್ವಾಲಾಮುಖಿಗೆ ಮಾತ್ರ ಗೈಡ್ ಕಡ್ಡಾಯ. ಅದರ ಬಾಯಿ ಸುಮಾರು ಹತ್ತು ಕಿಲೋಮೀಟರ್ ಅಗಲ. ಅಂಚಿನಲ್ಲಿ ನಿಂತು ನಾವಿಬ್ಬರೂ ತುಂಬಾ ಹೊತ್ತು ಮಾತಾಡಲಿಲ್ಲ.

ಇನ್ನೊಂದು ಮುಖ್ಯ ವಿಷಯ. ಎಕ್ವಡಾರ್ ಹಳದಿ ಜ್ವರ ಇರುವ ದೇಶಗಳ ಪಟ್ಟಿಯಲ್ಲಿದೆ. ಲಸಿಕೆಯ ಕಾರ್ಡ್ ಇಲ್ಲದೆ, ಅಲ್ಲಿಂದ ಹೊರಟು ಆರು ದಿನದೊಳಗೆ ಭಾರತಕ್ಕೆ ಬಂದರೆ, ಆರು ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಲಸಿಕೆ ಹಾಕಿಸಿದ ಹತ್ತು ದಿನಕ್ಕೆ ಕಾರ್ಡ್ ಚಾಲ್ತಿಗೆ ಬರುತ್ತದೆ, ಕೊನೆಯ ವಾರಕ್ಕೆ ಬಿಡಬೇಡಿ. ನಮಗೆ ಇದನ್ನು ಹೇಳಿದ್ದು ಏಜೆನ್ಸಿಯಲ್ಲ, ನಮ್ಮ ಮನೆಯ ಡಾಕ್ಟರ್. ಎರಡು ದಿನ ತಡವಾಗಿ, ಕಣ್ಣು ಕೆಂಪು ಮಾಡಿಕೊಂಡು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದಾಗ ಆ ಹಳದಿ ಕಾರ್ಡ್ ಕೈಯಲ್ಲಿತ್ತು. ನೇರ ಮನೆಗೆ ಹೋದೆವು.