ಹಾರ್ಟ್‌ಫರ್ಡ್‌ನ ಮಾರ್ಕ್ ಟ್ವೈನ್ ಮನೆ: ಮೊದಲು ಆ ಯಂತ್ರ ನೋಡಿ

ನಾನು ಚಾಮರಾಜಪೇಟೆಯ ಪ್ರೆಸ್ಸಿನಲ್ಲಿ ಕಂಪೋಸಿಟರ್ ಆಗಿದ್ದವನು, ಅಂದರೆ ಅಚ್ಚಿಗಾಗಿ ಮೊಳೆ (ಸೀಸದ ಬಿಡಿ ಅಕ್ಷರ) ಜೋಡಿಸುವವನು. ಅಮೆರಿಕದ ಕನೆಕ್ಟಿಕಟ್‌ನಲ್ಲಿರುವ ಮಗಳು ‘ಅಪ್ಪಾ, ಇಲ್ಲಿ ಮೊಳೆ ಜೋಡಿಸೋ ಹಳೇ ಯಂತ್ರ ಇದೆ’ ಅಂತ ಹಾರ್ಟ್‌ಫರ್ಡ್‌ನ ಸಾಹಿತಿ ಮಾರ್ಕ್ ಟ್ವೈನ್ ಮನೆಯ ಮ್ಯೂಸಿಯಂಗೆ ಕರೆದುಕೊಂಡು ಹೋದಳು. ಆ ಕಡೆ ಮಕ್ಕಳ ಮನೆಗೆ ಹೋಗುವವರು ಖಂಡಿತ ನೋಡಬೇಕಾದ ಜಾಗ.

ಮನೆ ಫಾರ್ಮಿಂಗ್ಟನ್ ಅವೆನ್ಯೂನಲ್ಲಿದೆ. 25 ಕೋಣೆಗಳ ಇಟ್ಟಿಗೆ ಬಂಗಲೆ. ಟ್ವೈನ್ ಸಂಸಾರ ಇಲ್ಲಿದ್ದದ್ದು 1874ರಿಂದ 1891ರವರೆಗೆ. ಒಳಗೆ ಗೈಡ್ ಜೊತೆಯಲ್ಲೇ ಹೋಗಬೇಕು. ವೆನಿಸ್‌ನಿಂದ ತಂದ ಮಂಚ ಇದೆ. ತಲೆದೆಸೆಯ ಕೆತ್ತನೆ ಕಣ್ಣಿಗೆ ಕಾಣಲಿ ಅಂತ ಗಂಡ ಹೆಂಡತಿ ಕಾಲದೆಸೆಗೆ ತಲೆಯಿಟ್ಟು ಮಲಗುತ್ತಿದ್ದರಂತೆ. ಬರೆಯುತ್ತಿದ್ದ ಬಿಲಿಯರ್ಡ್ಸ್ ಕೋಣೆ ಮೂರನೇ ಅಂತಸ್ತಿನಲ್ಲಿ. ಮಂಡಿ ನೋವಿದ್ದವರು ಮೆಟ್ಟಿಲಿನ ಯೋಚನೆ ಮಾಡಿಕೊಂಡೇ ಹೋಗಿ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಪೇಜ್ ಕಂಪೋಸಿಟರ್ ಎಂಬ ಆ ಯಂತ್ರ. ಜೇಮ್ಸ್ ಪೇಜ್ ಅನ್ನುವವನು ಮಾಡಿದ್ದು. ಸುಮಾರು 18,000 ಬಿಡಿಭಾಗ. ಟ್ವೈನ್ 1880ರಿಂದ 1894ರವರೆಗೆ ಇದಕ್ಕೆ ಹತ್ತಿರ ಹತ್ತಿರ 3 ಲಕ್ಷ ಡಾಲರ್ ಸುರಿದ, ಆ ಕಾಲದ ದುಡ್ಡಿನಲ್ಲಿ! ಮುಳುಗಿದ. ‘ಅಷ್ಟು ಬುದ್ಧಿವಂತ ಸಾಹಿತಿ ಹೀಗೆ ಮೋಸ ಹೋದನಲ್ಲ’ ಅಂತ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ.

ಯಾಕೆ ಗೊತ್ತಾ? ಟ್ವೈನ್ ಹುಡುಗನಾಗಿದ್ದಾಗ ಪ್ರೆಸ್ಸಿನಲ್ಲಿ ದುಡಿದವನು. ಎಡಗೈಯಲ್ಲಿ ಸಾಲು ಜೋಡಿಸುವ ಸ್ಟಿಕ್ಕು, ಬಲಗೈ ಕೇಸಿನ ಮೇಲೆ, ಅಂದರೆ ಅಕ್ಷರಕ್ಕೊಂದು ಮನೆಯಿರುವ ಮೊಳೆಗಳ ಪೆಟ್ಟಿಗೆಯ ಮೇಲೆ. ಒಂದೊಂದೇ ಮೊಳೆ ಹೆಕ್ಕಿ, ತಲೆಕೆಳಗಾಗಿ ಜೋಡಿಸಿ, ಸಾಲು ಬಿಗಿಯಾಗುವ ಹಾಗೆ ನಡುವೆ ಸ್ಪೇಸ್ ತುಂಬಬೇಕು. ಅಚ್ಚಾದ ಮೇಲೆ ಅಷ್ಟನ್ನೂ ಬಿಚ್ಚಿ ಮತ್ತೆ ಅದರದರ ಮನೆಗೆ ಹಾಕಬೇಕು. ಕನ್ನಡದಲ್ಲಿ ಒತ್ತಕ್ಷರ ಬೇರೆ, ಕೇಸಿನ ಮನೆಗಳು ಇಂಗ್ಲಿಷಿಗಿಂತ ಎಷ್ಟೋ ಜಾಸ್ತಿ. ಜೋಡಿಸುವಾಗ ಏನೋ ಒಂದು ಖುಷಿ ಇರುತ್ತಿತ್ತು. ಬಿಚ್ಚುವಾಗ ಬೆರಳ ತುದಿಗೆ ಮಸಿ, ಸೀಸದ ವಾಸನೆ, ಬರೀ ಬೇಸರ. ಪೇಜ್‌ನ ಯಂತ್ರ ಜೋಡಿಸುತ್ತಿತ್ತು, ಸಾಲು ಬಿಗಿ ಮಾಡುತ್ತಿತ್ತು, ಬಿಚ್ಚಿ ವಾಪಸ್ ಮನೆಗೂ ಹಾಕುತ್ತಿತ್ತು. ಅದನ್ನು ಕಣ್ಣಾರೆ ಕಂಡ ಯಾವ ಕಂಪೋಸಿಟರ್ ತಾನೇ ಜೇಬಿಗೆ ಕೈ ಹಾಕದೆ ಇರುತ್ತಿದ್ದ?

ತೊಂದರೆ ಆದದ್ದು ಬೇರೆ ಕಡೆ. ಪೇಜ್ ಮನುಷ್ಯನ ಕೈ ಮಾಡುವುದನ್ನೆಲ್ಲ ಯಂತ್ರದಿಂದ ಮಾಡಿಸಲು ಹೋದ. ಅದೇ ಹೊತ್ತಿಗೆ ಮರ್ಗೆಂತಾಲರ್ ಎಂಬಾತ ಬಿಡಿ ಮೊಳೆಯ ಸಹವಾಸವೇ ಬೇಡ ಅಂದ. ಇಡೀ ಸಾಲನ್ನು ಬಿಸಿ ಸೀಸದಲ್ಲಿ ಎರಕ ಹೊಯ್ದ. ಕೆಲಸ ಮುಗಿದರೆ ಕರಗಿಸು, ಅಷ್ಟೇ. ಅವನ ಲೈನೋಟೈಪ್ 1886ಕ್ಕೇ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯಲ್ಲಿ ಕೆಲಸ ಶುರು ಮಾಡಿತು. ಪೇಜ್ ಮಾತ್ರ ಇನ್ನೂ ಬಿಚ್ಚುತ್ತಾ ತಿದ್ದುತ್ತಾ ಕೂತಿದ್ದ. 1894ರಲ್ಲಿ ಷಿಕಾಗೋ ಹೆರಾಲ್ಡ್‌ನಲ್ಲಿ ಪರೀಕ್ಷೆಗೆ ಇಟ್ಟಾಗ ಮೇಲಿಂದ ಮೇಲೆ ಕೆಟ್ಟು ನಿಂತಿತು. ಈಗ ಉಳಿದಿರುವುದು ಇದೊಂದೇ.

ಟ್ವೈನ್‌ಗೆ ವ್ಯಾಪಾರವೇ ಗೊತ್ತಿರಲಿಲ್ಲ ಅನ್ನುವುದೂ ತಪ್ಪು. 1873ರಲ್ಲಿ ಪೇಟೆಂಟ್ ಪಡೆದ ಅವನ ಸ್ಕ್ರ್ಯಾಪ್‌ಬುಕ್ಕಿನ ಹಾಳೆಗೆ ಮೊದಲೇ ಅಂಟು ಹಚ್ಚಿರುತ್ತಿತ್ತು. ನೀರು ಸವರಿದರೆ ಸಾಕು. ಅದು ಚೆನ್ನಾಗಿ ಮಾರಾಟವಾಯಿತು. 1884ರಲ್ಲಿ ಅಕ್ಕನ ಮಗಳ ಗಂಡ ವೆಬ್‌ಸ್ಟರ್ ಹೆಸರಿನಲ್ಲಿ ಪ್ರಕಾಶನ ತೆರೆದ. ಅಮೆರಿಕದ ಮಾಜಿ ಅಧ್ಯಕ್ಷ ಗ್ರಾಂಟ್ ಆಗ ಕೈ ಬರಿದಾಗಿ, ಗಂಟಲು ಕ್ಯಾನ್ಸರಿನಲ್ಲಿ ತನ್ನ ನೆನಪುಗಳನ್ನು ಬರೆಯುತ್ತಿದ್ದ. ಬೇರೆ ಪ್ರಕಾಶಕರು ನೂರಕ್ಕೆ 10 ರಾಯಧನ ಕೊಡುತ್ತೇವೆ ಅಂದಿದ್ದರು. ಟ್ವೈನ್ ಲಾಭದಲ್ಲಿ ನೂರಕ್ಕೆ 70 ಕೊಡುತ್ತೇನೆ ಅಂದ. ಆ ಪುಸ್ತಕವನ್ನು ಏಜೆಂಟರು ಮನೆ ಮನೆಗೆ ಹೋಗಿ ಮಾರಿದರು. 1885ರ ಜುಲೈನಲ್ಲಿ ಗ್ರಾಂಟ್ ತೀರಿಕೊಂಡ. ಮುಂದಿನ ವರ್ಷದ ಆರಂಭದಲ್ಲಿ ಅವನ ಹೆಂಡತಿಯ ಕೈಗೆ ಬಂದದ್ದು 2 ಲಕ್ಷ ಡಾಲರಿನ ಒಂದೇ ಚೆಕ್. ಲೇಖಕನ ಮನೆಯವರನ್ನು ಹೀಗೆ ನಡೆಸಿಕೊಂಡ ಪ್ರಕಾಶಕರು ಎಷ್ಟು ಜನ ಸಿಗುತ್ತಾರೆ, ಹೇಳಿ.

ಆದರೆ ಪ್ರಕಾಶನದ ದುಡ್ಡೂ ಯಂತ್ರದ ಹೊಟ್ಟೆಗೆ ಹೋಯಿತು. ಆಮೇಲೆ ತಂದ ಪುಸ್ತಕಗಳೂ ಕೈ ಹಿಡಿಯಲಿಲ್ಲ. 1894ರ ಏಪ್ರಿಲ್‌ನಲ್ಲಿ ದಿವಾಳಿ. ತೈಲ ಕಂಪನಿ ಸ್ಟ್ಯಾಂಡರ್ಡ್ ಆಯಿಲ್‌ನ ಹೆನ್ರಿ ರಾಜರ್ಸ್ ಲೆಕ್ಕಪತ್ರ ವಹಿಸಿಕೊಂಡು ಕಾಪಾಡಿದ. ಕಾನೂನಿನ ಪ್ರಕಾರ ಸಾಲ ಪೂರ್ತಿ ತೀರಿಸಲೇಬೇಕು ಅಂತಿರಲಿಲ್ಲ. ಆದರೂ ಅರವತ್ತರ ಹೊಸ್ತಿಲಲ್ಲಿ ಟ್ವೈನ್ ಭಾಷಣ ಮಾಡುತ್ತಾ ದೇಶ ದೇಶ ತಿರುಗಿದ. 1896ರಲ್ಲಿ ಮುಂಬೈಗೂ ಕೋಲ್ಕತ್ತಕ್ಕೂ ಬಂದಿದ್ದು ಅದೇ ಸಾಲಕ್ಕಾಗಿ. 1898ರ ಹೊತ್ತಿಗೆ ಎಲ್ಲರ ಬಾಕಿ ಚುಕ್ತಾ.

ನನ್ನ ಅಭಿಪ್ರಾಯ: ಮನೆ ಚೆಂದ, ಯಂತ್ರ ಅದಕ್ಕಿಂತ ದೊಡ್ಡದು. ಆದರೆ ಅದು ಓಡುವುದಿಲ್ಲ, ಸುಮ್ನೆ ನಿಂತಿದೆ. ಕಂಪ್ಯೂಟರ್ ಕಾಲದ ಮಕ್ಕಳಿಗೆ ಅದರ ಬೆಲೆ ತಾನಾಗಿ ಗೊತ್ತಾಗುವುದು ಕಷ್ಟ. ಕರೆದುಕೊಂಡು ಹೋಗುವ ಮುಂಚೆ ಮೊಳೆ ಜೋಡಿಸುವುದು ಅಂದರೇನು ಅಂತ ಮನೆಯಲ್ಲೇ ಹೇಳಿಕೊಡಿ. ಪ್ರೆಸ್ಸಿನಲ್ಲಿ ದುಡಿದ ಹಿರಿಯರು ಜೊತೆಗಿದ್ದರೆ ಅವರನ್ನೇ ಯಂತ್ರದ ಮುಂದೆ ನಿಲ್ಲಿಸಿ ಮಾತಾಡಿಸಿ. ಟಿಕೆಟ್ ಮುಂಚೆಯೇ ತೆಗೆದಿಟ್ಟರೆ ಒಳ್ಳೆಯದು.